ಬಾಡಿಗೆ ತೆರವು ದಾವೆ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶ

ಬಾಡಿಗೆಗೆ ಕೊಟ್ಟ ಮನೆ, ಅಂಗಡಿ, ಗೋದಾಮು ಅಥವಾ ಮಗ್ಗದ ಶೆಡ್ಡನ್ನು ಬಾಡಿಗೆದಾರ ತಾನಾಗಿ ಬಿಟ್ಟುಕೊಡದಿದ್ದಾಗ, ಮಾಲಕ ನ್ಯಾಯಾಲಯದ ಮೂಲಕ ಸ್ವಾಧೀನ ಪಡೆಯಲು ಹೂಡುವ ಮೊಕದ್ದಮೆಯೇ ಬಾಡಿಗೆ ತೆರವು ದಾವೆ. ಬಾಗಲಕೋಟೆ ಜಿಲ್ಲೆಯ ಜನರ ಬಾಯಲ್ಲಿ ಇದು 'ಮನಿ ಖಾಲಿ ಮಾಡಿಸೋ ಕೇಸು'. ಬಾಡಿಗೆ ಬಾಕಿ, ಒಳಬಾಡಿಗೆ, ಕಟ್ಟಡಕ್ಕೆ ಹಾನಿ, ಮಾಲಕನ ಸ್ವಂತ ಅಗತ್ಯ, ಅವಧಿ ಮುಗಿದರೂ ಬಿಡದಿರುವುದು ಇಂಥ ದಾವೆಗಳ ಸಾಮಾನ್ಯ ಕಾರಣಗಳು. ಈ ಭಾಗದಲ್ಲಿ ಬಹಳಷ್ಟು ಬಾಡಿಗೆ ವ್ಯವಹಾರ ಇಂದಿಗೂ ಬಾಯಿಮಾತಿನ ಮೇಲೆ, ಪರಿಚಯಸ್ಥರ ಜಾಮೀನಿನ ಮೇಲೆ ನಡೆಯುತ್ತದೆ. ಹೀಗಾಗಿ ಇಲ್ಲಿನ ದಾವೆಗಳಲ್ಲಿ ಕಾನೂನಿನ ಪ್ರಶ್ನೆಗಿಂತ ಪುರಾವೆಯ ಪ್ರಶ್ನೆಯೇ ಹೆಚ್ಚು ಭಾರವಾಗುತ್ತದೆ.

ಹಿನ್ನೆಲೆ

ಇಂದಿನ ಬಾಗಲಕೋಟೆ ಜಿಲ್ಲೆ 1997ರ ಆಗಸ್ಟ್ 15ರಂದು ಅಂದಿನ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿಯ ಬಾಡಿಗೆ ಕಾನೂನಿನ ಬೇರು ಮುಂಬಯಿಯಲ್ಲಿದೆ. ಮೊದಲ ಮಹಾಯುದ್ಧದ ಕಾಲದ ಮನೆಗಳ ಅಭಾವದಿಂದ 1918ರಲ್ಲಿ ಮುಂಬಯಿಯಲ್ಲಿ ಬಾಡಿಗೆ ನಿರ್ಬಂಧ ಕಾನೂನು ಬಂತು. ಎರಡನೆಯ ಮಹಾಯುದ್ಧದ ಕಾಲದ ನಿರ್ಬಂಧಗಳನ್ನು ಒಟ್ಟುಗೂಡಿಸಿ 1947ರಲ್ಲಿ ಮುಂಬಯಿ ಬಾಡಿಗೆ, ಹೋಟೆಲ್ ಮತ್ತು ವಸತಿಗೃಹ ದರ ನಿಯಂತ್ರಣ ಕಾಯಿದೆ ಮಾಡಲಾಯಿತು. ಬಾಡಿಗೆ ಹೆಚ್ಚಿಸುವುದಕ್ಕೂ ಬಾಡಿಗೆದಾರನನ್ನು ಹೊರಹಾಕುವುದಕ್ಕೂ ಕಾನೂನು ಹೇಳಿದ ಕಾರಣ ಬೇಕು ಎಂಬ ತತ್ವ ಇದರಿಂದ ನೆಲೆಯೂರಿತು.

ಏಕೀಕರಣದ ಹೊತ್ತಿಗೆ ರಾಜ್ಯದ ಒಂದೊಂದು ಭಾಗಕ್ಕೆ ಒಂದೊಂದು ಬಾಡಿಗೆ ಕಾಯಿದೆ ಇತ್ತು: ಹಳೆಯ ಮೈಸೂರಿಗೆ 1951ರದು, ಹೈದರಾಬಾದ್ ಭಾಗಕ್ಕೆ 1954ರದು, ಮದ್ರಾಸ್ ಭಾಗಕ್ಕೆ 1949ರದು, ಮುಂಬಯಿ ಭಾಗಕ್ಕೆ 1947ರದು. ಇವೆಲ್ಲದರ ಜಾಗದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯಿದೆ ಬಂತು. ಅದರ ಕಲಂ 21 ನಾಲ್ಕು ದಶಕಗಳ ಕಾಲ ರಾಜ್ಯದ ತೆರವು ದಾವೆಗಳ ತಳಪಾಯವಾಗಿತ್ತು. ಮಾಲಕನಿಗೆ ಮನೆ ನಿಜವಾಗಿ ಬೇಕಾಗಿದ್ದರೂ, ತೆರವಿನಿಂದ ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟ ಎಂದು ನ್ಯಾಯಾಲಯ ತೂಗಿ ನೋಡಬೇಕಿತ್ತು. 2001ರ ಡಿಸೆಂಬರ್ 31ರಂದು ಕರ್ನಾಟಕ ಬಾಡಿಗೆ ಕಾಯಿದೆ 1999 ಜಾರಿಗೆ ಬಂದು ಈ ಹಳೆಯ ಕಾಯಿದೆಯನ್ನು ಬದಲಿಸಿತು.

ಯಾವ ಆಸ್ತಿಗೆ ಯಾವ ಕಾಯಿದೆ

ತೆರವು ದಾವೆಯ ಮೊದಲ ಪ್ರಶ್ನೆ ಇದೇ. ಇಲ್ಲಿ ತಪ್ಪಿದರೆ ವರ್ಷಗಟ್ಟಲೆ ನಡೆದ ದಾವೆಯೂ ಬಿದ್ದುಹೋಗಬಹುದು. 1999ರ ಕಾಯಿದೆ ಎಲ್ಲ ಆಸ್ತಿಗೂ ಅನ್ವಯಿಸುವುದಿಲ್ಲ. ಅದರ ಮೊದಲ ಅನುಸೂಚಿಯ 'ಎ' ಭಾಗದ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಕಟ್ಟಡ ಕಾಯಿದೆಯ ಹೊರಗೆ. ವ್ಯಾಪಾರದ ಕಟ್ಟಡವಾದರೆ 14 ಚದರ ಮೀಟರ್ ಮೀರದ ಅಂಗಡಿಗೆ ಮಾತ್ರ ರಕ್ಷಣೆ. ಅಂದರೆ ಸುಮಾರು 150 ಚದರ ಅಡಿ. ಪೇಟೆಯ ಚಿಕ್ಕ ಪಾನ್ ಅಂಗಡಿ, ಹೊಲಿಗೆ ಅಂಗಡಿ ಇದರೊಳಗೆ ಬರುತ್ತವೆ. ಬಟ್ಟೆ ಅಂಗಡಿ, ಹೋಟೆಲು, ಗೋದಾಮು ಬರುವುದಿಲ್ಲ. ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳಿಗೂ ಈ ಕಾಯಿದೆಯಿಲ್ಲ.

ಹೊರಗುಳಿದ ಆಸ್ತಿಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಆಧಾರ. ಇದರಡಿ ಮಾಲಕ ಕಾರಣ ಸಾಬೀತು ಮಾಡಬೇಕಿಲ್ಲ. ಮಾಲಕ-ಬಾಡಿಗೆದಾರ ಸಂಬಂಧವಿತ್ತು, ಅದು ಕಾನೂನುಬದ್ಧವಾಗಿ ಕೊನೆಗೊಂಡಿದೆ ಎಂದು ತೋರಿಸಿದರೆ ಸಾಕು. ಬಾಡಿಗೆಗಳು ಏರಿದ ಹಾಗೆ ಪಟ್ಟಣಗಳ ಹೆಚ್ಚುಹೆಚ್ಚು ಮನೆಗಳು ಈ ದಾರಿಗೆ ಬಂದಿವೆ.

ಹೊಲದ ಗೇಣಿಯ ದಾರಿ ಬೇರೆಯೇ. ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರನ ಹಕ್ಕಿನ ಪ್ರಶ್ನೆಗಳು ಭೂ ನ್ಯಾಯಮಂಡಳಿಯ ಪಾಲಾದವು. ಮನೆ ಬಾಡಿಗೆಯ ನಿಯಮಗಳನ್ನು ಹೊಲಕ್ಕೆ ಹಚ್ಚಲಾಗದು.

ಊರು ಊರಿನ ಬಾಡಿಗೆ

ಬಾಗಲಕೋಟೆ ಎರಡು ಊರುಗಳ ಊರು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಪಟ್ಟಣದ ಭಾಗ ಮುಳುಗಿದಾಗ ನವನಗರ ಎದ್ದಿತು. ಅದನ್ನು ಕಟ್ಟಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ. ಹಳೆಯ ಪೇಟೆಯಲ್ಲಿ ತಲೆಮಾರಿನಿಂದ ಬಂದ ಅಂಗಡಿ ಬಾಡಿಗೆಗಳಿವೆ. ಅಜ್ಜ ಕೊಟ್ಟದ್ದು, ಮೊಮ್ಮಗ ಬಿಡಿಸಲು ನಿಂತದ್ದು. ನವನಗರದಲ್ಲಿ ಜಿಲ್ಲಾ ಕಚೇರಿಗಳ ನೌಕರರು, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು, ತೋಟಗಾರಿಕೆ ವಿಶ್ವವಿದ್ಯಾಲಯದ ಸಿಬ್ಬಂದಿ ಬಾಡಿಗೆದಾರರು. ಅಲ್ಲಿಯ ತಂಟೆಗಳು ಹೊಸ ಬಗೆಯವು: ವರ್ಗವಾಗಿ ಹೋದವನು ಬೀಗ ಹಾಕಿಕೊಂಡು ಹೋದ, ಒಬ್ಬನಿಗೆ ಕೊಟ್ಟ ಮನೆಯಲ್ಲಿ ಆರು ಜನ ಇದ್ದಾರೆ, ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳಿ ಎಂದು ಬಾಡಿಗೆ ನಿಲ್ಲಿಸಿದ.

ಬಾದಾಮಿಯಲ್ಲಿ ಇನ್ನೊಂದು ತೊಡಕಿದೆ. ಹಳೆಯ ಮನೆ ಕೆಡವಿ ಹೊಸದು ಕಟ್ಟಬೇಕು, ಅದಕ್ಕೆ ಬಾಡಿಗೆದಾರ ಬಿಡಬೇಕು ಎಂಬುದು ಮಾಲಕರ ಸಾಮಾನ್ಯ ಬೇಡಿಕೆ. ಆದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಚಾಲುಕ್ಯರ ಗುಡಿಗಳ ನಡುವೆಯೇ ಜನವಸತಿ ಇರುವ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಈ ನಿಯಮ ನೇರವಾಗಿ ಮನೆಬಾಗಿಲಿಗೆ ಬರುತ್ತದೆ. ಅನುಮತಿಯೇ ಸಿಗದ ಜಾಗದಲ್ಲಿ 'ಮರುನಿರ್ಮಾಣಕ್ಕೆ ಬೇಕು' ಎಂಬ ಕಾರಣ ನ್ಯಾಯಾಲಯದ ಮುಂದೆ ನಿಲ್ಲುವುದು ಕಷ್ಟ. ದಾವೆಗೆ ಮುಂಚೆ ಅನುಮತಿಯ ದಾರಿ ನೋಡಿಕೊಂಡವರಿಗೆ ಈ ಪೆಟ್ಟು ತಪ್ಪುತ್ತದೆ.

ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟು, ಆಟಿಕೆ ಅಂಗಡಿ, ಖಾನಾವಳಿಗಳಿಗೆ ಕೊಡುವ ಜಾಗ ಸಾಮಾನ್ಯವಾಗಿ ಬಾಡಿಗೆಯಲ್ಲ, ಪರವಾನಗಿ. ಜಾಗದ ಪೂರ್ಣ ಸ್ವಾಧೀನ ಒಪ್ಪಿಸಿದರೆ ಅದು ಬಾಡಿಗೆ. ಬಳಸಿಕೊಳ್ಳಲು ಮಾತ್ರ ಬಿಟ್ಟರೆ ಪರವಾನಗಿ. ಕಾಗದದ ತಲೆಬರಹಕ್ಕಿಂತ ವ್ಯವಹಾರದ ತಿರುಳನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟು 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿದೆ.

ಇಳಕಲ್ಲಿನಲ್ಲಿ ಮನೆಯೇ ಕಾರ್ಖಾನೆ. ಪಡಸಾಲೆಯಲ್ಲಿ ಕುಣಿಮಗ್ಗ, ಒಳಗೆ ಸಂಸಾರ. ಊರ ಹೊರಗೆ ಕೆಂಪು ಗ್ರಾನೈಟ್ ಕೊಯ್ಯುವ, ಹೊಳಪು ಕೊಡುವ ಘಟಕಗಳು. ಇಲ್ಲಿ ಬಾಡಿಗೆಯ ಉದ್ದೇಶವೇನು ಎಂಬುದು ದೊಡ್ಡ ಪ್ರಶ್ನೆ. ವಾಸಕ್ಕಾದರೆ 15 ದಿನದ ನೋಟಿಸ್ ಸಾಕು. ತಯಾರಿಕೆಗಾದರೆ ಅದು ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆ, ಆರು ತಿಂಗಳ ನೋಟಿಸ್ ಬೇಕು ಎನ್ನುತ್ತದೆ ಸ್ವತ್ತು ವರ್ಗಾವಣೆ ಕಾಯಿದೆಯ ಕಲಂ 106. ಆದರೆ ವರ್ಷದ ಗುತ್ತಿಗೆಗೆ ನೋಂದಣಿಯಾದ ಪತ್ರ ಕಡ್ಡಾಯ. ಅಂಥ ಪತ್ರವಿಲ್ಲದೆ ತಯಾರಿಕೆಯ ನೆಪದಲ್ಲಿ ಆರು ತಿಂಗಳ ನೋಟಿಸ್ ಕೇಳಲಾಗದು ಎಂದು 2001ರ ಸಮೀರ್ ಮುಖರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಬಾಯಿಮಾತಿನಲ್ಲಿ ಕೊಟ್ಟ ಮಗ್ಗದ ಶೆಡ್ಡುಗಳಿಗೆ ಈ ತೀರ್ಪು ನೇರವಾಗಿ ತಟ್ಟುತ್ತದೆ.

ನಗರಸಭೆ, ಪುರಸಭೆಗಳ ಮಳಿಗೆಗಳ ವಿಷಯದಲ್ಲಿ ಸಿವಿಲ್ ದಾವೆಯ ಬದಲು 1974ರ ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ತೆರವು) ಕಾಯಿದೆಯ ದಾರಿಯಿದೆ. ಸಕ್ಷಮ ಅಧಿಕಾರಿ ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತಾರೆ; ಅದರ ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರಲ್ಲಿ.

ನೋಟಿಸ್

ಬಹುಪಾಲು ತೆರವು ಪ್ರಕರಣಗಳು ವಕೀಲರ ನೋಟಿಸಿನಿಂದ ಆರಂಭವಾಗುತ್ತವೆ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಕಲಂ 106ರ ಪ್ರಕಾರ 15 ದಿನದ ಲಿಖಿತ ನೋಟಿಸ್ ಬೇಕು. ಮೊದಲು ದಿನಾಂಕದ ಎಣಿಕೆಯಲ್ಲಿ ಒಂದು ದಿನ ತಪ್ಪಿದರೂ ದಾವೆ ಬೀಳುತ್ತಿತ್ತು. ಕೇಂದ್ರದ 2003ರ 3ನೆಯ ಕಾಯಿದೆ ಇದನ್ನು ತಿದ್ದಿತು: ನೋಟಿಸಿನಲ್ಲಿ ಹೇಳಿದ ಅವಧಿ ಕಡಿಮೆಯಿದ್ದರೂ, ದಾವೆ ಹೂಡುವ ಹೊತ್ತಿಗೆ ಕಾನೂನಿನ ಅವಧಿ ಕಳೆದಿದ್ದರೆ ನೋಟಿಸ್ ಊರ್ಜಿತ.

1999ರ ಕಾಯಿದೆಯ ಕಲಂ 27ರಡಿ ಬಾಕಿಯ ಕಾರಣಕ್ಕೆ ತೆರವು ಕೇಳುವುದಾದರೆ ನಿಯಮ ಬೇರೆ. ಬಾಕಿ ಕೊಡಿರೆಂದು ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಬಾಡಿಗೆದಾರ ಪೂರ್ತಿ ಹಣ ಕೊಡದಿದ್ದರೆ ಮಾತ್ರ ಆ ಕಾರಣ ಹುಟ್ಟುತ್ತದೆ. ಒಪ್ಪಿಗೆಯಿಲ್ಲದ ಒಳಬಾಡಿಗೆ, ಬೇರೆ ಉದ್ದೇಶಕ್ಕೆ ಬಳಕೆ, ಮಾಲಕನ ನಿಜವಾದ ಸ್ವಂತ ಅಗತ್ಯ ಇದೇ ಕಲಮಿನ ಇತರ ಕಾರಣಗಳು. ಸೇನೆಯಲ್ಲಿರುವವರು, ವಿಧವೆಯರು ಮೊದಲಾದವರಿಗೆ ಬೇಗ ಸ್ವಾಧೀನ ಪಡೆಯಲು ಪ್ರತ್ಯೇಕ ಕಲಮುಗಳಿವೆ.

ನೋಟಿಸಿನ ನಂತರ ಬಾಡಿಗೆ ತೆಗೆದುಕೊಳ್ಳುವಾಗ ಎಚ್ಚರ ಬೇಕು. ಬಾಡಿಗೆ ಮುಂದುವರಿಸಲು ಒಪ್ಪಿದ ಹಾಗೆ ನಡೆದುಕೊಂಡರೆ ನೋಟಿಸನ್ನೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಅದಕ್ಕೇ ವಕೀಲರು, ಬಂದ ಹಣವನ್ನು ಬಳಕೆಯ ನಷ್ಟಭರ್ತಿಯೆಂದು ಸ್ವೀಕರಿಸಿದ್ದೇವೆ ಎಂದು ಬರೆದುಕೊಳ್ಳಲು ಹೇಳುತ್ತಾರೆ.

ದಾವೆಯ ಹಂತಗಳು

ಆಸ್ತಿ ಇರುವ ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಬಾಗಲಕೋಟೆಯಲ್ಲಿ ಜಿಲ್ಲಾ ನ್ಯಾಯಾಲಯವಿದೆ. ಬಾದಾಮಿ, ಹುನಗುಂದಗಳಲ್ಲಿ ಸಿವಿಲ್ ನ್ಯಾಯಾಲಯಗಳಿವೆ. ಎರಡನೆಯ ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಿದ್ದ ಕಾಲ 2008ರ ಜುಲೈನಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾದಾಗ ಮುಗಿಯಿತು. ಅದು 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾಯಿತು.

ನ್ಯಾಯಾಲಯ ಶುಲ್ಕ ಜನ ಅಂಜುವಷ್ಟು ದೊಡ್ಡದಲ್ಲ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯಿದೆಯ ಕಲಂ 41ರಂತೆ ತೆರವು ದಾವೆಯ ಶುಲ್ಕವನ್ನು ಆಸ್ತಿಯ ಬೆಲೆಯ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ಮೂರು ವರ್ಷಕ್ಕಿಂತ ಹಳೆಯ ಬಾಕಿ ಕಾಲಮಿತಿಯ ಆಚೆಗೆ ಹೋಗುತ್ತದೆ. ಬಾಡಿಗೆ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ಸ್ವಾಧೀನದ ದಾವೆ ಹೂಡಬೇಕು.

ಸಮನ್ಸ್ ತಲುಪಿದ 30 ದಿನಗಳಲ್ಲಿ ಬಾಡಿಗೆದಾರ ಕೈಫಿಯತ್ತು (ಲಿಖಿತ ಉತ್ತರ) ಸಲ್ಲಿಸಬೇಕು; ನ್ಯಾಯಾಲಯ ಇದನ್ನು 90 ದಿನದವರೆಗೆ ಬೆಳೆಸಬಹುದು. ಬಳಿಕ ವಾದಾಂಶಗಳ ರಚನೆ, ಸಾಕ್ಷಿ ವಿಚಾರಣೆ, ಪಾಟೀಸವಾಲು, ವಾದ, ತೀರ್ಪು. ಸಂಬಂಧವನ್ನೂ ನೋಟಿಸನ್ನೂ ಬಾಡಿಗೆದಾರ ಒಪ್ಪಿಕೊಂಡರೆ ಆ ಒಪ್ಪಿಗೆಯ ಮೇಲೆಯೇ ತೀರ್ಪು ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೆಯ ಆದೇಶದ 6ನೆಯ ನಿಯಮ ದಾರಿ ಕೊಡುತ್ತದೆ. ಬಾಡಿಗೆ ಕಾಯಿದೆಯ ಪ್ರಕರಣಗಳಲ್ಲಿ ಕಲಂ 45ರ ಪ್ರಕಾರ ಬಾಕಿ ತುಂಬಿ, ಮುಂದಿನ ಬಾಡಿಗೆಯನ್ನೂ ತುಂಬುತ್ತ ಬಂದವನಿಗೇ ವಿರೋಧಿಸುವ ಹಕ್ಕು. ಅಲ್ಲಿ ಮೇಲ್ಮನವಿಯ ಬದಲು ಪುನರ್ಪರಿಶೀಲನಾ ಅರ್ಜಿ ಇರುತ್ತದೆ.

ಪುರಾವೆ

ಬರಹದ ಕರಾರು, ರಸೀದಿ, ಬ್ಯಾಂಕ್ ಅಥವಾ ಫೋನ್‌ಪೇ ಮೂಲಕ ಬಂದ ಹಣದ ದಾಖಲೆ, ಸಿಟಿಎಸ್ (ನಗರ ಭೂಮಾಪನ) ಉತಾರ, ಕರ ತುಂಬಿದ ಪಾವತಿ ಇವು ಮಾಲಕನ ಬಲ. ಇವುಗಳಲ್ಲಿ ಉತಾರ ಮಾಲಕತ್ವ ತೋರಿಸುತ್ತದೆ, ಬಾಡಿಗೆ ಸಂಬಂಧ ತೋರಿಸುವುದಿಲ್ಲ. ಅನೇಕ ಮಾಲಕರು ಸೋಲುವುದು ಈ ಎರಡನ್ನು ಒಂದೇ ಎಂದು ತಿಳಿದಾಗ. ಹನ್ನೊಂದು ತಿಂಗಳ ಬಾಂಡ್ ಬರೆಸುವ ರೂಢಿಗೆ ಕಾರಣ, ಒಂದು ವರ್ಷ ಮೀರುವ ಗುತ್ತಿಗೆಗೆ ನೋಂದಣಿ ಕಡ್ಡಾಯವಾಗಿರುವುದು. ನೋಂದಣಿಯಾಗದ ದೀರ್ಘಾವಧಿ ಕರಾರಿನ ಶರತ್ತುಗಳು ನಿಲ್ಲದಿದ್ದರೂ ಬಾಡಿಗೆ ಸಂಬಂಧ ಅಳಿಯುವುದಿಲ್ಲ, ಅದು ತಿಂಗಳ ಬಾಡಿಗೆಯಾಗಿ ಉಳಿಯುತ್ತದೆ ಎಂದು 2000ದ ಆಂಥೊನಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಮುದ್ರಾಂಕ ಕಡಿಮೆಯಿದ್ದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಬೆಂಗಳೂರು, ಪುಣೆ, ಹೊರದೇಶಗಳಲ್ಲಿರುವ ಮಾಲಕರು ಊರಿನಲ್ಲಿರುವ ತಮ್ಮನಿಗೋ ಅಳಿಯನಿಗೋ ಮುಖ್ತ್ಯಾರ ಪತ್ರ ಕೊಟ್ಟು ದಾವೆ ನಡೆಸುವುದುಂಟು. ಮುಖ್ತ್ಯಾರ ತಾನು ಮಾಡಿದ ಕೆಲಸಗಳ ಬಗ್ಗೆ ಸಾಕ್ಷಿ ನುಡಿಯಬಹುದು. ಮಾಲಕನಿಗೆ ಮಾತ್ರ ಗೊತ್ತಿರುವ ಸಂಗತಿಗೆ ಅವನ ಬದಲು ನುಡಿಯಲಾಗದು ಎಂದು 2004ರ ಜಾನಕಿ ವಾಶದೇವ್ ಭೋಜವಾನಿ ತೀರ್ಪು ಹೇಳುತ್ತದೆ. ಸ್ವಂತ ಅಗತ್ಯ ಎಂಬ ಕಾರಣವಿದ್ದರೆ ಮಾಲಕನೇ ಕಟಕಟೆಗೆ ಬರುವುದು ಒಳ್ಳೆಯದು. ಒಟ್ಟು ಕುಟುಂಬದ ಮನೆಯಾದರೆ, ಉಳಿದವರ ವಿರೋಧ ಇಲ್ಲದಿರುವಾಗ ಒಬ್ಬ ಪಾಲುದಾರನೇ ದಾವೆ ಹೂಡಬಹುದು ಎಂಬುದು 1976ರಿಂದ ಸ್ಥಿರಪಟ್ಟ ಮಾತು.

ಬಾಡಿಗೆದಾರರ ಪ್ರತಿವಾದಗಳು

'ಮೂವತ್ತು ವರ್ಷದಿಂದ ಇದ್ದೇನೆ, ಮನೆ ನನ್ನದೇ' ಎಂಬುದು ಊರೂರಲ್ಲಿ ಕೇಳುವ ಮಾತು. ಕಾನೂನಿನಲ್ಲಿ ಇದಕ್ಕೆ ಬೆಲೆಯಿಲ್ಲ. ಬಾಡಿಗೆದಾರನಾಗಿ ಒಳಬಂದವನು ಬಾಡಿಗೆ ನಡೆಯುತ್ತಿರುವಾಗ, ತನ್ನನ್ನು ಒಳಬಿಟ್ಟ ಮಾಲಕನಿಗೆ ಆಗ ಹಕ್ಕಿರಲಿಲ್ಲ ಎನ್ನುವಂತಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ ಕಲಂ 116ರಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ.

'ನಾನು ಹಿಂದಿನ ಮಾಲಕನ ಬಾಡಿಗೆದಾರ, ಕೊಂಡವರನ್ನು ಅರಿಯೆ' ಎಂಬುದು ಇನ್ನೊಂದು. ಮಾರಾಟದೊಂದಿಗೆ ಮಾಲಕನ ಹಕ್ಕುಗಳೂ ಕೊಂಡವರಿಗೆ ಹೋಗುತ್ತವೆ. ಬಾಡಿಗೆದಾರನ ಒಪ್ಪಿಗೆ ಬೇಕಿಲ್ಲ. ಆದರೆ ಮಾರಾಟ ತಿಳಿಯದೆ ಹಳೆಯ ಮಾಲಕನಿಗೆ ಕೊಟ್ಟ ಬಾಡಿಗೆಯನ್ನು ಮತ್ತೆ ಕೇಳುವಂತಿಲ್ಲ. ಕೊಂಡವರು ಮೊದಲು ಮಾಡಬೇಕಾದ ಕೆಲಸ ಬಾಡಿಗೆದಾರನಿಗೆ ಬರಹದಲ್ಲಿ ತಿಳಿಸುವುದು.

ಬಾಡಿಗೆದಾರ ತೀರಿಕೊಂಡರೆ 1999ರ ಕಾಯಿದೆಯ ಕಲಂ 5 ಅವನ ವಾರಸುದಾರರಿಗೆ ಐದು ವರ್ಷದ ಹಕ್ಕು ಕೊಡುತ್ತದೆ. ಇದು ಸಂಸಾರ ಬೀದಿಗೆ ಬೀಳದಂತೆ ಇಟ್ಟ ಅಡ್ಡಗೋಡೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಪ್ರವಾಹ ಬಾದಾಮಿ, ಹುನಗುಂದ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳನ್ನು ಬೀಳಿಸಿತು. ಕಟ್ಟಡ ಬಿದ್ದರೆ ಬಾಡಿಗೆಯೂ ಮುಗಿಯಿತೇ? ಇಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಶಹಾ ರತನ್‌ಸಿ ಖಿಮಜಿ ಪ್ರಕರಣದಲ್ಲಿ ಹೇಳಿದೆ. ಬಾಡಿಗೆಯಲ್ಲಿ ಕಟ್ಟಡದ ಜೊತೆ ನೆಲವೂ ಸೇರಿರುವುದರಿಂದ, ಕಟ್ಟಡ ನೆಲಕಚ್ಚಿದರೂ ಬಾಡಿಗೆ ತಾನಾಗಿ ಕೊನೆಗೊಳ್ಳದು.

ಡಿಕ್ರಿಯ ನಂತರ

ದಾವೆ ಗೆದ್ದ ದಿನ ಮನೆಯ ಕೀಲಿ ಕೈಗೆ ಬರುವುದಿಲ್ಲ. ಬಾಡಿಗೆದಾರ ಬಿಡದಿದ್ದರೆ ಮಾಲಕ ದರಖಾಸ್ತು (ಡಿಕ್ರಿ ಜಾರಿಯ ಅರ್ಜಿ) ಹಾಕಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 35ನೆಯ ನಿಯಮದಂತೆ ನ್ಯಾಯಾಲಯ ವಾರಂಟ್ ಹೊರಡಿಸುತ್ತದೆ. ಬೇಲಿಫ್ ಸ್ಥಳಕ್ಕೆ ಬಂದು, ಅಗತ್ಯವಿದ್ದರೆ ಬೀಗ ಒಡೆಸಿ, ಪಂಚರ ಸಮಕ್ಷಮ ಸ್ವಾಧೀನ ಒಪ್ಪಿಸುತ್ತಾರೆ. ಈ ಹಂತದಲ್ಲಿ ಮೂರನೆಯವರೊಬ್ಬರು ಬಂದು ತಮ್ಮದೂ ಹಕ್ಕಿದೆ ಎಂದು ಅಡ್ಡ ನಿಲ್ಲುವುದು ಹಳೆಯ ಚಾಳಿ. ಅಂಥ ಅಡ್ಡಿಗಳನ್ನು ಅದೇ ನ್ಯಾಯಾಲಯ ತೀರ್ಮಾನಿಸುತ್ತದೆ. ಕರ್ನಾಟಕದಿಂದಲೇ ಹೋದ ರಾಹುಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲ್ 22ರಂದು, ದರಖಾಸ್ತುಗಳನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದು ನಿರ್ದೇಶಿಸಿತು.

ತಡ ಮಾಡುವವನಿಗೆ ಬೆಲೆಯೂ ಇದೆ. ಮೇಲ್ಮನವಿಯಲ್ಲಿ ತಡೆಯಾಜ್ಞೆ ಕೊಡುವಾಗ, ಹಳೆಯ ಬಾಡಿಗೆಯ ಬದಲು ಇಂದಿನ ಪೇಟೆ ದರದಲ್ಲಿ ಹಣ ತುಂಬಲು ನ್ಯಾಯಾಲಯ ಹೇಳಬಹುದು ಎಂದು 2004ರ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪು ಗಟ್ಟಿಮಾಡಿದೆ.

ಅಡ್ಡದಾರಿ ಮತ್ತು ರಾಜಿ

ಮಾಲಕರು ಸಿಟ್ಟಿನ ಭರದಲ್ಲಿ ಮಾಡುವ ಕೆಲಸಗಳು ಮೂರು: ನೀರು-ಕರೆಂಟು ನಿಲ್ಲಿಸುವುದು, ಬೀಗ ಜಡಿಯುವುದು, ಸಾಮಾನು ಹೊರಗಿಡುವುದು. ಮೂರೂ ಅವರಿಗೇ ತಿರುಗುತ್ತವೆ. ಅವಧಿ ಮುಗಿದ ಮೇಲೂ ಒಳಗಿರುವವನನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎಂದು 1989ರ ಕೃಷ್ಣರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೀಗೆ ಹೊರಬಿದ್ದವನು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯಿದೆಯ ಕಲಂ 6ರಡಿ ದಾವೆ ಹೂಡಿದರೆ, ಮಾಲಕತ್ವದ ಪ್ರಶ್ನೆಯನ್ನೇ ಎತ್ತದೆ ಸ್ವಾಧೀನ ಮರಳಿ ಸಿಗುತ್ತದೆ. ಠಾಣೆಗೆ ಕರೆಸಿ ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗಿಲ್ಲ.

ಸರಿಯಾದ ಹತ್ತಿರದ ದಾರಿ ರಾಜಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ನಡೆಯುವ ಲೋಕ ಅದಾಲತ್ತಿನಲ್ಲಿ ತೆರವು ಪ್ರಕರಣಗಳು ಚೆನ್ನಾಗಿ ಬಗೆಹರಿಯುತ್ತವೆ. ಬಾಡಿಗೆದಾರನಿಗೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ, ನೇಕಾರನಿಗೆ ಮಗ್ಗಕ್ಕೆ ಹೂಡಿದ ಹಾಸು ಮುಗಿಯುವವರೆಗೆ ಅವಧಿ; ಮಾಲಕನಿಗೆ ಬರಹದಲ್ಲಿ ಬಿಡುವ ದಿನಾಂಕ; ಡಿಪಾಜಿಟ್ ವಾಪಸು ಆ ದಿನವೇ. ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ, ನ್ಯಾಯಾಲಯ ಶುಲ್ಕವೂ ಮರಳುತ್ತದೆ. ಬಡವರಿಗೂ, ಆದಾಯ ನೋಡದೆ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತ ವಕೀಲರನ್ನು ಕೊಡುತ್ತದೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಕಡ್ಡಾಯ ಲಿಖಿತ ಕರಾರು, ವಸತಿಗೆ ಎರಡು ತಿಂಗಳ ಡಿಪಾಜಿಟ್ಟಿನ ಮಿತಿ, ಪ್ರತ್ಯೇಕ ಬಾಡಿಗೆ ನ್ಯಾಯಾಲಯಗಳನ್ನು ಸೂಚಿಸುತ್ತದೆ. ರಾಜ್ಯದ ಶಾಸನಸಭೆ ಕಾಯಿದೆ ಮಾಡಿದ ಕಡೆ ಮಾತ್ರ ಅದು ಜಾರಿಗೆ ಬರುತ್ತದೆ.

ಆದರೆ ಕರಾರು ಬರೆಯಲು ಹೊಸ ಕಾಯಿದೆಗೆ ಕಾಯಬೇಕಿಲ್ಲ. ಬಾಡಿಗೆ ಎಷ್ಟು, ಯಾವ ಉದ್ದೇಶಕ್ಕೆ, ಯಾವಾಗ ಬಿಡಬೇಕು, ಡಿಪಾಜಿಟ್ ಎಷ್ಟು ಎಂಬ ನಾಲ್ಕು ಸಾಲು ಸರಿಯಾದ ಬಾಂಡಿನ ಮೇಲೆ ಇಬ್ಬರ ಸಹಿಯೊಂದಿಗೆ ಇದ್ದರೆ ಎಷ್ಟೋ ದಾವೆಗಳು ಹುಟ್ಟುವುದೇ ಇಲ್ಲ. ಪರಿಚಯದವರಿಗೆ ಕಾಗದ ಕೇಳುವುದು ಅಪನಂಬಿಕೆಯಲ್ಲ. ಪರಿಚಯ ಕೆಡದಂತೆ ಕಾಯುವ ಕೆಲಸ ಅದು. ಮನೆ ಕೊಡುವವರೂ ಹಿಡಿಯುವವರೂ ಕೀಲಿಗೆ ಮುಂಚೆ ಕಾಗದ ಬರೆದುಕೊಳ್ಳಬೇಕು.